ತೋಟದ ಕಡೆಯ ಕೇಬಲ್ಲು

"ಎಳೀರಿ ಹನುಮಯ್ಯಣ್ಣ," ಎಂದಳು ವೇಣಿ.

ಹನುಮಯ್ಯ ಮೂರನೆಯ ಪ್ಯಾನೆಲ್ಲಿನೊಳಗೆ ಕೈಹಾಕಿ, ಹಳದಿ ಬಣ್ಣದ ಫೈಬರ್ ಕೇಬಲ್ಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಗೆಳೆದ. ಒಳಗೊಂದು ಕೆಂಪು ದೀಪ ಹತ್ತಿಕೊಂಡಿತು. ಸುತ್ತ ನಿಂತಿದ್ದ ಏಳೆಂಟು ಜನರೂ ಒಟ್ಟಿಗೆ ಕತ್ತು ತಿರುಗಿಸಿ ಓವನ್ನಿನ ಕಡೆ ನೋಡಿದರು. ಅರವತ್ತು ಮೀಟರ್ ಉದ್ದದ ಓವನ್ನಿನ ಬಾಯಿಂದ ಬಿಸ್ಕತ್ತುಗಳು ತಮಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ಸಾಲುಸಾಲಾಗಿ ಬರುತ್ತಲೇ ಇದ್ದವು.

"ನೋಡಿದ್ರಾ ಸಾರ್?" ವೇಣಿ ಪ್ಲಾಂಟ್ ಮ್ಯಾನೇಜರ್ ಶಿವಶಂಕರನ ಕಡೆ ತಿರುಗಿದಳು. "ಒಂದ್ ಕಡೆ ಕಟ್ ಆದ್ರೆ ಡೇಟಾ ಇನ್ನೊಂದ್ ಕಡೆಯಿಂದ ಸುತ್ಕೊಂಡು ಬರುತ್ತೆ. ಓವನ್‌ಗೆ ಗೊತ್ತೂ ಆಗಲ್ಲ."

ಅತ್ತಿಬೆಲೆಯ ಆ ಬಿಸ್ಕತ್ತು ಕಾರ್ಖಾನೆಯಲ್ಲಿ ಹಿಟ್ಟು ಕಲಸುವುದರಿಂದ ಪೊಟ್ಟಣ ಕಟ್ಟುವವರೆಗೆ ಎಲ್ಲವನ್ನೂ ನಡೆಸುತ್ತಿದ್ದುದು ಆರು ಪ್ಯಾನೆಲ್‌ಗಳು. ಆಳೆತ್ತರದ ಆ ಕಬ್ಬಿಣದ ಬೀರುಗಳು ಒಂದರೊಡನೊಂದು ಮಾತಾಡಿಕೊಳ್ಳುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ, ಬೆಳಕಿನಲ್ಲಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಹೀಗೆ ಆರರ ತನಕ ಹೋದ ಎಳೆ ಮತ್ತೆ ಒಂದಕ್ಕೇ ಬಂದು ಸೇರಿದರೆ ಅದು ರಿಂಗ್. ವೇಣಿ ಎಂಜಿನಿಯರಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದಾಗ ಹನುಮಯ್ಯ, "ಇದ್ಕೆ ಇಷ್ಟೊಂದ್ ಇಂಗ್ಲೀಷ್ ಯಾಕ್ ವೇಣಮ್ಮ? ಕೆರೆ ಏರಿ ಮ್ಯಾಗಿನ ದಾರಿ ಕೆಟ್ಟೋಗಿದ್ರೆ ತೋಪಿನ ಕಡೆಯಿಂದ ಬಳಸ್ಕೊಂಡು ಮನೆ ಸೇರ್ಕೊಳಲ್ವಾ, ಅಂಗೇ ತಾನೆ?" ಎಂದಿದ್ದ. ಅವತ್ತಿನಿಂದ ಅವಳು ಯಾರಿಗೆ ರಿಂಗ್ ವಿವರಿಸಬೇಕಾದರೂ ಬೋರ್ಡು ಬಿಟ್ಟು ಕೆರೆ ಏರಿಯನ್ನೇ ಹಿಡಿದಳು.

ಶಿವಶಂಕರನ ಮುಖ ಅರಳಿತು. "ಹಾಗಾದ್ರೆ ಗುರುವಾರ ಗ್ಯಾಸ್ ಲೈನಿಗೆ ಅಗೆಯೋಕೆ ಪ್ಲಾಂಟ್ ನಿಲ್ಲಿಸೋದು ಬೇಡ ಅಂತಾಯ್ತು?"

"ಬೇಡ ಸಾರ್. ಜೆಸಿಬಿ ಅಕಸ್ಮಾತ್ ಉತ್ತರದ ಗೋಡೆ ಹತ್ರ ಕೇಬಲ್ ಕಿತ್ರೂ ತೋಟದ ಕಡೆಯ ಕೇಬಲ್ ಇದ್ದೇ ಇದೆ. ಡ್ರಾಯಿಂಗಲ್ಲಿ ಕ್ಲಿಯರ್ ಆಗಿದೆ."

ಅಗೆಯಲು ಒಪ್ಪಿಗೆ ಕೊಡುವ ಪರ್ಮಿಟ್ ಹಾಳೆಯನ್ನು ಪ್ಯಾನೆಲ್ಲಿನ ಬಾಗಿಲಿಗೇ ಒತ್ತಿಹಿಡಿದು ವೇಣಿ ಸಹಿ ಹಾಕಿದಳು. ತನ್ನ ಒಬ್ಬಳ ಜವಾಬ್ದಾರಿಯ ಮೇಲೆ ಅವಳು ಹಾಕಿದ ಮೊದಲ ಸಹಿ ಅದು. ಕೆಲಸ ಕಾಯಮಾಗಲು ಇನ್ನು ಹತ್ತೇ ದಿನ ಬಾಕಿ. ಹೆಸರಿನ ಕೊನೆಯಲ್ಲಿ ಒಂದು ಗೆರೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದಕ್ಕೇ ಎಳೆದಳು. ನೋಡುತ್ತ ನಿಂತಿದ್ದ ಹನುಮಯ್ಯನ ಕೈಯಲ್ಲಿ ಕೇಬಲ್ಲಿನ ತುದಿ ಹಾಗೇ ಇತ್ತು.

"ಹನುಮಯ್ಯಣ್ಣ, ವಾಪಸ್ ಹಾಕಿ. ಅದೇನು ಹೂವಾ, ಹಿಡ್ಕೊಂಡು ನಿಂತಿದೀರಲ್ಲ?" ಎಂದು ವೇಣಿ ನಕ್ಕಳು. ಎಲ್ಲರೂ ನಕ್ಕರು. ಹನುಮಯ್ಯ ತುದಿಯನ್ನು ಸ್ವಸ್ಥಾನಕ್ಕೆ ಸೇರಿಸಿ, ಬಾಗಿಲು ಮುಚ್ಚಿ, ಯಾರ ಮುಖವನ್ನೂ ನೋಡದೆ ಶೌಚಾಲಯದ ಕಡೆ ನಡೆದ.

ತೋಟದ ಕಡೆ ಯಾವ ಕೇಬಲ್ಲೂ ಇರಲಿಲ್ಲ. ಅದು ಗೊತ್ತಿದ್ದವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ.

ಏಳು ವರ್ಷದ ಹಿಂದೆ ಈ ಫೈಬರ್ ಎಳೆಸುವಾಗ ಕಂಪನಿಯವರು ಹನುಮಯ್ಯನನ್ನೇ ಮೇಲ್ವಿಚಾರಣೆಗೆ ಹಾಕಿದ್ದರು. ಆ ನೆಲ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಿರದೆ ಏನು, ಅವನದೇ ನೆಲ. ಇಪ್ಪತ್ತಾರು ವರ್ಷದ ಹಿಂದೆ ಕಾರ್ಖಾನೆಗೆಂದು ಜಮೀನು ಹೋದಾಗ, ಮನೆಗೊಬ್ಬರಿಗೆ ಕೆಲಸ ಎಂಬ ಮಾತಿನಂತೆ ಅವನಿಗೆ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತ್ತು. ಅವನು ರಾಗಿ ಬಿತ್ತಿದ ಹೊಲದಲ್ಲಿ ಈಗ ಓವನ್ ಇತ್ತು. ಬಾವಿ ಇದ್ದಲ್ಲಿ ನೀರಿನ ಸಂಪು. ಸಂಪಿನ ಪಕ್ಕ ಹುಲ್ಲುಹಾಸು, ನಾಲ್ಕು ಬಣ್ಣದೆಲೆಯ ಗಿಡಗಳು, ಅದಕ್ಕೆ ಎಲ್ಲರೂ ದೊಡ್ಡ ಮನಸ್ಸು ಮಾಡಿ ತೋಟವೆಂದು ಹೆಸರಿಟ್ಟಿದ್ದರು.

ಆ ಹುಲ್ಲಿನ ಕೆಳಗೆ ಅವನ ಅಕ್ಕ ಬೈರಮ್ಮ ಇದ್ದಳು.

ತಾಯಿ ಇಲ್ಲದ ಮನೆಯಲ್ಲಿ ಹನುಮಯ್ಯನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯ ಮಾತು ಬಂದಾಗಲೆಲ್ಲ, "ಇವನು ಒಂದ್ ಕಡೆ ನಿಂತ್ಕೊಳ್ಳಿ, ಆಮ್ಯಾಕೆ ನೋಡಾನ" ಎಂದು ಮುಂದೂಡಿದವಳು. ಎರಡು ಹಸು ಕಟ್ಟಿ, ಹೊಸೂರು ರಸ್ತೆಯ ಹೋಟೆಲುಗಳಿಗೆ ಹಾಲು ಹಾಕಿ, ಅವನನ್ನು ಐಟಿಐಗೆ ಸೇರಿಸಿದಳು. ಅವನು ಎರಡನೆಯ ವರ್ಷದಲ್ಲಿದ್ದಾಗ ಕಾಮಾಲೆ ಬಂದು ಹದಿನೈದೇ ದಿನದಲ್ಲಿ ಹೋಗಿಬಿಟ್ಟಳು. ಆ ಕಡೆಯ ಪದ್ಧತಿಯಂತೆ ಸ್ವಂತ ಹೊಲದಲ್ಲಿ, ಬಾವಿಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಮಣ್ಣು ಮಾಡಿ ತಲೆಯ ಕಡೆಗೊಂದು ಕಲ್ಲು ನೆಟ್ಟಿದ್ದರು. ನೆಲ ಮಟ್ಟ ಮಾಡುವಾಗ ಕಲ್ಲು ಎಲ್ಲಿ ಹೋಯಿತೋ. ಅಕ್ಕ ಕೊಡಿಸಿದ ವಿದ್ಯೆಯಲ್ಲಿ, ಅಕ್ಕ ಮಲಗಿದ ನೆಲದಲ್ಲಿ ಅವನ ಅನ್ನ ನಡೆಯುತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ಬುತ್ತಿಯ ಡಬ್ಬಿಯಲ್ಲಿ ಒಂದು ವಡೆ, ಚೂರು ಪಾಯಸ ತಂದು ಹುಲ್ಲಿನ ಮೇಲೆ ಎಲೆ ಹಾಕಿ ಇಡುತ್ತಿದ್ದ. ಮಾಲಿ ಆವಲಪ್ಪ, ಹನುಮಯ್ಯನಿಗೆ ಕಾಗೆಗಳ ಮೇಲೆ ಬಲು ಪ್ರೀತಿ ಎಂದು ತಿಳಿದಿದ್ದ.

ಹಾಗಾಗಿ ಗುತ್ತಿಗೆಯವನ ಮೇಸ್ತ್ರಿ ಡ್ರಾಯಿಂಗ್ ಹಿಡಿದುಕೊಂಡು, ಆರನೆಯ ಪ್ಯಾನೆಲ್ಲಿನಿಂದ ಒಂದಕ್ಕೆ ವಾಪಸ್ಸು ಬರುವ ಕೇಬಲ್ಲು ತೋಟದ ಅಡಿಯಲ್ಲೇ ಹೋಗಬೇಕೆಂದು ಜೆಸಿಬಿ ತಂದು ನಿಲ್ಲಿಸಿದಾಗ ಹನುಮಯ್ಯ ಅದರ ಮುಂದೆ ಹೋಗಿ ಅಡ್ಡ ನಿಂತ. ನಿಜ ಹೇಳಿದರೆ ಯಾರು ಕೇಳುತ್ತಾರೆ, ಎಲ್ಲರೂ ನಗುತ್ತಾರೆ ಎಂಬ ಅಂಜಿಕೆ. "ಮೂರಡಿ ಕೆಳಗೆ ಬಂಡೆ ಐತೆ ಕಣಯ್ಯ, ನಿನ್ನ ಜೆಸಿಬಿ ಅಲ್ಲು ಮುರ್ದೋಯ್ತದೆ," ಎಂದುಬಿಟ್ಟ. ಮೇಸ್ತ್ರಿಗೆ ರೋಗಿ ಬಯಸಿದ್ದೂ ಹಾಲು ಅನ್ನ. ಅಗೆಯುವ ಕೆಲಸವೇ ಉಳಿಯಿತೆಂದು ವಾಪಸ್ಸು ಬರುವ ಕೇಬಲ್ಲನ್ನೂ ಉತ್ತರದ ಗೋಡೆಯ ಪಕ್ಕದ ಅದೇ ಕಪ್ಪು ಪೈಪಿನಲ್ಲಿ ತೂರಿಸಿದ. ಕಾಗದದ ಮೇಲೆ ಎರಡು ದಾರಿ ಉಳಿದವು, ನೆಲದಲ್ಲಿ ಒಂದೇ. ಆ ಕಾಗದದ ಕೆಳಗೆ ಹನುಮಯ್ಯ ಸಹಿ ಹಾಕಿದ್ದ. ಪ್ಯಾನೆಲ್ಲಿನಲ್ಲಿ ಒಂದು ತುದಿ ಎಳೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಪೈಪಿಗೇ ಏಟು ಬಿದ್ದರೆ ಮಾತ್ರ ಓವನ್ ನಿಂತಲ್ಲೇ ನಿಂತು, ಒಳಗಿದ್ದ ಅರವತ್ತು ಮೀಟರ್ ಬಿಸ್ಕತ್ತು ಬೆಂದು ಬೂದಿಯಾಗುತ್ತಿತ್ತು. ಆಗ ಎಲ್ಲರೂ ಹುಡುಕುವುದು ವೇಣಿಯ ಸಹಿಯನ್ನು.

ಅವತ್ತು ಸಂಜೆ ಮನೆಯಲ್ಲಿ ಹೆಂಡತಿ ರಾಮಮ್ಮ ನೆನೆಹಾಕಿದ ಅವರೆಕಾಳು ಹಿಸುಕುತ್ತ ಕೂತಿದ್ದಳು. ಹನುಮಯ್ಯನೂ ಎದುರು ಕೂತು ಹಿಸುಕತೊಡಗಿದ. ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕುವುದನ್ನು ನಾಲ್ಕು ಸಲ ನೋಡಿ ಅವಳು ಕೈ ತಡೆದಳು. "ಏನಾಗೈತೆ ನಿಂಗೆ?"

ಹನುಮಯ್ಯ ಹೇಳಿದ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಬಂಡೆಯ ಕತೆ ಹೇಳಿದ್ದು ಅದೇ ಮೊದಲು.

ರಾಮಮ್ಮ ಬೈಯಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಒಂದು ಹಿಡಿ ಕಾಳು ಹಿಸುಕಿ ಮುಗಿಸಿದ ಮೇಲೆ ಕೇಳಿದಳು, "ಆ ಎಣ್ಣುಮಗು ತಾನೆ, ನಮ್ಮನೆ ಬಸ್ಸಾರು ಬೇಕು ಅಂತ ಡಬ್ಬಿ ಕೊಟ್ಟು ಕಳ್ಸೋದು?"

"ಊಂ."

"ನಿಮ್ಮಕ್ಕನ್ನ ನಾನು ಕಂಡೋಳಲ್ಲ. ನೀನು ಏಳಿದ್ದು ಕೇಳಿದೀನಿ, ಅಷ್ಟೇಯ. ಇನ್ನೊಬ್ರಿಗೆ ನೋವು ಕೊಟ್ಟೋಳಲ್ಲ ಅಂತೀಯ. ಈಗ ಅವಳೆಸರಲ್ಲಿ ಆ ಮಗೀಗೆ ಏಟು ಬಿದ್ರೆ ಅವಳು ಅಲ್ಲಿ ಎಂಗೆ ಮಲಗ್ತಾಳೆ?"

ಹನುಮಯ್ಯ ಸಿಪ್ಪೆಯನ್ನೆಲ್ಲ ಬಾಚಿ ಕಸಕ್ಕೆ ಹಾಕಿದ. ಹೇಳಿದರೆ ನಾಳೆಯೇ ತೋಟ ಅಗೆಸುತ್ತಾರೆ, ಹೇಳದಿದ್ದರೆ ವೇಣಿ ಹೋಗುತ್ತಾಳೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೂ ಅವನಿಗೂ ಆ ಸಂಜೆ ಬಹಳ ವ್ಯತ್ಯಾಸವಿರಲಿಲ್ಲ. ಊಟಕ್ಕೆ ಕೂತವನು ಹಿತಕಿದ ಬೇಳೆಯ ಸಾರನ್ನೂ ಅರ್ಧಕ್ಕೇ ಬಿಟ್ಟು ಎದ್ದ.

ಬುಧವಾರ ಬೆಳಿಗ್ಗೆ ಹೆಬ್ಬಗೋಡಿಯ ಕಡೆಯಿಂದ ಬರುವ ಕಂಪನಿ ಬಸ್ಸಿಗಾಗಿ ಅವನು ಗೇಟಿನ ಬಳಿಯೇ ಕಾದು ನಿಂತ. ವೇಣಿಯ ಪಿಜಿ ಹೆಬ್ಬಗೋಡಿಯಲ್ಲಿ. ಜಾಲಹಳ್ಳಿಯಲ್ಲಿದ್ದ ಅಪ್ಪ ಅಮ್ಮನ ಹತ್ತಿರ ಭಾನುವಾರಕ್ಕೊಮ್ಮೆ ಹೋಗುತ್ತಿದ್ದಳು. ಬಸ್ಸಿಳಿದವಳನ್ನು ಅವನು ತೋಟಕ್ಕೆ ಕರೆದುಕೊಂಡು ಹೋದ.

"ಏನ್ ಹನುಮಯ್ಯಣ್ಣ, ಬೆಳಿಗ್ಗೆ ಬೆಳಿಗ್ಗೆ ವಾಕಿಂಗಾ?"

"ವೇಣಮ್ಮ, ತೋಟದ ಕಡೆ ಕೇಬಲ್ ಇಲ್ಲ."

"ಇಲ್ಲ ಅಂದ್ರೆ?"

"ಓಗೋದೂ ಬರೋದೂ ಎರಡೂ ಆ ಕಡೆ ಗೋಡೆ ಪೈಪಲ್ಲೇ ಐತೆ. ನಾಳೆ ಜೆಸಿಬಿ ಒಂದೇಟು ಆಕುದ್ರೆ ಎರಡೂ ಓಯ್ತವೆ."

ವೇಣಿಯ ನಗು ಮುಖದಲ್ಲೇ ಉಳಿದು, ಆಮೇಲೆ ಸ್ವಲ್ಪಸ್ವಲ್ಪವಾಗಿ ಇಳಿಯಿತು. ಅವಳು ಚುರುಕು ಹುಡುಗಿ, ಮಿಕ್ಕದ್ದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. "ನಿನ್ನೆ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ," ಎಂದಳು ಮೆಲ್ಲಗೆ. "ನಾನು ಸೈನ್ ಮಾಡೋದು ನೋಡ್ತಾ ನಿಂತಿದ್ರಿ."

"ನಿಂತಿದ್ದೆ ಕಣವ್ವ. ಸುಳ್ಳೇಳಲ್ಲ."

"ಯಾಕೆ?"

ಹನುಮಯ್ಯ ಬಂಡೆಯಿಂದ ಶುರುಮಾಡಿ ಹಾಲಿನ ಹಸುಗಳವರೆಗೆ ಹಿಂದುಮುಂದಾಗಿ ಎಲ್ಲವನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗದೆ ಸಂಪಿನ ಮುಚ್ಚಳವನ್ನೇ ನೋಡುತ್ತಿದ್ದ. ಮುಗಿದ ಮೇಲೆ ವೇಣಿ ಕೇಳಿದ್ದು ಒಂದೇ ಮಾತು.

"ಎಲ್ಲಿ?"

ಅವನು ಕೈ ತೋರಿಸಿದ. ವೇಣಿ ತನ್ನ ಸೇಫ್ಟಿ ಶೂಗಳನ್ನು ನೋಡಿಕೊಂಡಳು, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಹುಲ್ಲಿನಿಂದ ಕೆಳಗಿಳಿದು ನಿಂತಳು. ಹನುಮಯ್ಯನಿಗೆ ಕಣ್ಣು ತುಂಬಿ ಬಂತು. ಇಪ್ಪತ್ತಾರು ವರ್ಷದಲ್ಲಿ ಆ ಜಾಗದಿಂದ ಹಾಗೆ ಸರಿದು ನಿಂತವರು ಇನ್ನೊಬ್ಬರಿರಲಿಲ್ಲ.

"ನನಗೆ ತುಂಬಾ ಕೋಪ ಬಂದಿದೆ ನಿಮ್ಮ ಮೇಲೆ," ಎಂದಳು ವೇಣಿ. "ಅದು ಆಮೇಲೆ. ಈಗ ಬನ್ನಿ."

ಶಿವಶಂಕರನ ಕೋಣೆಯಲ್ಲಿ ಅವಳು ಪರ್ಮಿಟ್ಟನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅಡ್ಡಗೆರೆ ಎಳೆದಳು. ಎರಡು ಕೇಬಲ್ಲೂ ಒಂದೇ ಪೈಪಿನಲ್ಲಿವೆ ಎಂದು ಗೊತ್ತಾಗಿದೆ, ನಾಳೆ ಅಗೆಯುವಂತಿಲ್ಲ ಎಂದಳು. ಶಿವಶಂಕರ ಚಹಾದ ಲೋಟವನ್ನು ಕೆಳಗಿಟ್ಟ.

"ಜೆಸಿಬಿ ಬುಕ್ ಆಗಿದೆ, ಗ್ಯಾಸ್‌ನವರು ಡೇಟ್ ಕೊಟ್ಟಾಗಿದೆ. ಇನ್ನೊಂದ್ ತಿಂಗಳು ಅವರು ಸಿಗಲ್ಲ. ಒಂದ್ ಕೆಲಸ ಮಾಡಿ, ಇವತ್ತೇ ಜೆಸಿಬಿ ತರಿಸಿ ತೋಟದ ಕಡೆ ಅಗೆಸಿ. ಸಂಜೆಯೊಳಗೆ ಒಂದ್ ಕೇಬಲ್ ಅಲ್ಲಿ ಹಾಕ್ಬಿಡಿ. ಡ್ರಾಯಿಂಗ್‌ನಲ್ಲಿ ಇರೋದೂ ಅದೇ ತಾನೆ?"

"ಅಲ್ಲಿ..." ವೇಣಿ ಒಂದು ಗಳಿಗೆ ತಡೆದಳು. "ಅಲ್ಲಿ ಕೆಳಗಡೆ ಬಂಡೆ ಇದೆಯಂತೆ ಸಾರ್."

"ಬಂಡೆ ಇದ್ರೆ ಒಡೀಲಿ. ಬ್ರೇಕರ್ ಹಾಕ್ಸಿ."

ಹನುಮಯ್ಯ ಬಾಗಿಲ ಬಳಿ ನಿಂತಿದ್ದ. ಏಳು ವರ್ಷ ತಾನು ಹೊತ್ತ ಸುಳ್ಳನ್ನು ಆ ಹುಡುಗಿ, ಕೇಳದೆಯೇ, ತನ್ನ ತಲೆಯ ಮೇಲೆ ತೆಗೆದುಕೊಂಡಿದ್ದನ್ನು ಕೇಳಿ ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೆ ಬರುವಂಥ ಪ್ರೀತಿ ಉಕ್ಕಿಬಂತು. ಅವನು ಒಳಗೆ ಬಂದ.

"ಬಂಡೆ ಇಲ್ಲ ಸಾರ್. ಅದು ನಾನು ಏಳಿದ್ ಸುಳ್ಳು. ಅಲ್ಲಿ ನಮ್ಮಕ್ಕ ಅವ್ಳೆ."

ಶಿವಶಂಕರ ಒಮ್ಮೆ ವೇಣಿಯನ್ನೂ ಒಮ್ಮೆ ಹನುಮಯ್ಯನನ್ನೂ ನೋಡಿದ. ಗದರಿಸಲೆಂದು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅವನೂ ಆನೇಕಲ್ ಕಡೆಯ ಬೇಸಾಯದ ಮನೆಯವನೇ, ಆ ಮಾತಿಗೆ ಅವನಿಗೆ ಅರ್ಥ ಹೇಳಬೇಕಾಗಿರಲಿಲ್ಲ.

"ಕಲ್ಲು ಗಿಲ್ಲು ಇದೆಯಾ?" ಎಂದು ಕೇಳಿದ.

"ಇತ್ತು ಸಾರ್. ಲೆವೆಲ್ ಮಾಡೋವಾಗ ಓಯ್ತು."

ಶಿವಶಂಕರ ಎದ್ದು ಹೋಗಿ ಕಿಟಕಿಯಿಂದ ಹುಲ್ಲಿನ ಕಡೆ ನೋಡಿದ. "ಏಳು ವರ್ಷ ಒಂದೇ ಪೈಪಿನ ಮೇಲೆ ಇಡೀ ಪ್ಲಾಂಟ್ ಓಡ್ಸಿದೀರಲ್ರೀ ಹನುಮಯ್ಯ. ನಮ್ಮ ಪುಣ್ಯ ಗಟ್ಟಿ. ಮೆಮೊ ಕೊಡದೆ ಬಿಡೋಕಾಗಲ್ಲ ನಾನು."

"ಕೊಡಿ ಸಾರ್. ತಪ್ಪು ನಂದೇಯ."

"ಕೊಡ್ತೀನಿ." ಆಮೇಲೆ ವೇಣಿಯ ಕಡೆ ತಿರುಗಿದ. "ಮೇಲಿಂದ ತಗೊಂಡೋಗೋಕೆ ಆಗುತ್ತೇನಮ್ಮ? ಕ್ಯಾಂಟೀನ್ ಶೀಟಿನ ಕೆಳಗಿಂದ?"

"ಆಗುತ್ತೆ ಸಾರ್," ಎಂದಳು ವೇಣಿ. ಅವನು ಪ್ರಶ್ನೆ ಮುಗಿಸುವ ಮೊದಲೇ ಅವಳ ಮನಸ್ಸು ಕ್ಯಾಂಟೀನಿನ ಕಂಬಗಳನ್ನು ಎಣಿಸಿ ಮುಗಿಸಿತ್ತು.

ಸ್ಟೋರಿನಲ್ಲಿ ಇನ್ನೂರೈವತ್ತು ಮೀಟರಿನ ಒಂದು ಕೇಬಲ್ ಸುರುಳಿ ಧೂಳು ತಿನ್ನುತ್ತ ಬಿದ್ದಿತ್ತು. ಅದನ್ನು ಉರುಳಿಸಿಕೊಂಡು ಬಂದರು. ಊಟದ ಹೊತ್ತಿಗೆ ಕ್ಯಾಂಟೀನಿನ ಚಾವಣಿಯ ಕೆಳಗೆ ಕೊಕ್ಕೆಗಳು ಕೂತವು. ತಟ್ಟೆ ಹಿಡಿದು ಕೂತವರ ತಲೆಯ ಮೇಲೆಯೇ ಕೇಬಲ್ಲು ಒಂದೊಂದು ಗಜವಾಗಿ ಸಾಗಿತು. ಅಡುಗೆಯ ಶಿವಲಿಂಗಮ್ಮ, "ನನ್ನ ಸಾಂಬಾರಿಗೆ ಧೂಳು ಬಿದ್ರೆ ನಿಮಗೇ ಬಡಿಸ್ತೀನಿ," ಎಂದು ಗದರುತ್ತಲೇ ಏಣಿ ಹಿಡಿದುಕೊಂಡು ನಿಂತಳು. ಯಾಕೆ ಈ ಅವಸರ ಎಂದು ಯಾರೂ ಹೇಳಿರಲಿಲ್ಲ. ಆದರೂ ಆವಲಪ್ಪ ಮಾತ್ರ ಎಲ್ಲಿಂದಲೋ ಸುದ್ದಿ ಹಿಡಿದು, ಕೆಲಸದ ನಡುವೆ ಹನುಮಯ್ಯನ ಹತ್ತಿರ ಬಂದು, "ನಾನು ದಿನಾ ಅಲ್ಲೇ ಉಲ್ಲು ಕತ್ತರಿಸ್ತಿದ್ನಲ್ಲಪ್ಪ, ಒಂದ್ ಮಾತು ಏಳ್ಬಾರ್ದಾಗಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರ ಎದುರಿಗೆ ಬಂದಾಗ ವೇಣಿ ಪಕ್ಕಕ್ಕೆ ಸರಿದು, "ನೀವೇ ಮಾಡಿ," ಎಂದಳು. ನಾಲ್ಕು ತಿಂಗಳಿಂದ ಅವಳೇ ಅವನಿಗೆ ಅದನ್ನು ಕಲಿಸುತ್ತಿದ್ದಳು. ಮೊದಲ ಸಲ ಎಳೆ ವಾರೆಯಾಗಿ ತುಂಡಾಯಿತು. ಎರಡನೆಯ ಸಲವೂ ಹಾಗೇ ಆಯಿತು. ವೇಣಿ ಅವನ ಕನ್ನಡಕ ತೆಗೆದು ತನ್ನ ದುಪಟ್ಟಾದ ಅಂಚಿನಿಂದ ಒರೆಸಿ ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು. ಮೂರನೆಯ ಸಲ ಪರದೆಯ ಮೇಲೆ ಎರಡು ಎಳೆ ಎದುರುಬದುರಾಗಿ ಬಂದು, ಮಿಣ್ಣನೆ ಕಿಡಿ ಹಾರಿ, ಒಂದಾದವು. ಎಲ್ಲಿ ಬೆಸೆದದ್ದು ಎಂದು ಹುಡುಕಿದರೂ ಕಾಣುವಂತಿರಲಿಲ್ಲ.

"ಇನ್ನೂ ಕೋಪ ಐತಾ?" ಎಂದು ಅವನು ಕೇಳಿದ.

"ಇದೆ. ನಾಳೆ ಡಬ್ಬಿ ತುಂಬ ಬಸ್ಸಾರು ಬಂದ್ರೆ ನೋಡೋಣ."

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಜೆಸಿಬಿ ಉತ್ತರದ ಗೋಡೆಯ ಬಳಿ ನೆಲಕ್ಕೆ ಹಲ್ಲೂರಿತು. ಹನ್ನೊಂದಕ್ಕೆ ಸರಿಯಾಗಿ, ಆಪರೇಟರ್ ಎಷ್ಟೇ ಜೋಪಾನ ಮಾಡಿದರೂ, ಬಕೆಟ್ಟಿನ ಜೊತೆ ಕಪ್ಪು ಪೈಪಿನ ಒಂದು ತುಂಡು ಕಿತ್ತು ಮೇಲೆ ಬಂತು. ಹರಿದ ಎರಡು ಕೇಬಲ್ಲುಗಳು ಅದರ ಬಾಯಿಂದ ಜೋತಾಡಿದವು. ಆಪರೇಟರ್ ಎಂಜಿನ್ ನಿಲ್ಲಿಸಿ, ಯಾರು ಬೈಯುತ್ತಾರೋ ಎಂದು ಸುತ್ತ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ವೇಣಿ ಓವನ್ನಿನ ಕಡೆ ಓಡುತ್ತಿದ್ದಳು. ಹನುಮಯ್ಯ ಅವಳ ಹಿಂದೆ ನಡೆದೇ ಹೋದ.

ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಬೆಲ್ಟಿನ ಮೇಲೆ ಬಿಸ್ಕತ್ತುಗಳು ಬರುತ್ತಿದ್ದವು, ಹದವಾಗಿ ಬೆಂದು, ಹೊಂಬಣ್ಣಕ್ಕೆ ತಿರುಗಿ. ಹನುಮಯ್ಯ ಅಲ್ಲೇ ಬೋರಲು ಹಾಕಿದ್ದ ಒಂದು ಕ್ರೇಟಿನ ಮೇಲೆ ಕೂತ. ವೇಣಿ ಬಿಸಿಬಿಸಿ ಬಿಸ್ಕತ್ತೊಂದನ್ನು ಬೆಲ್ಟಿನಿಂದ ಎತ್ತಿ, ಎರಡು ತುಂಡು ಮಾಡಿ, ಒಂದನ್ನು ಅವನ ಕೈಗಿಟ್ಟಳು. ಹಾಗೆ ತಿನ್ನುವುದು ಕಾರ್ಖಾನೆಯ ನಿಯಮಕ್ಕೆ ವಿರುದ್ಧ. ಶಿವಶಂಕರ ನೋಡಿಯೂ ನೋಡದವನಂತೆ ಹೋದ.

ಮೂರು ಗಂಟೆಗೆ ಮೆಮೊ ಬಂತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ಹನುಮಯ್ಯ ಅದನ್ನು ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಎದೆ ಹಗುರಾದಂತೆನಿಸಿತು.

ಕಂಟ್ರೋಲ್ ರೂಮಿನಲ್ಲಿ ವೇಣಿ ಕಂಪ್ಯೂಟರಿನ ಮುಂದೆ ಕೂತು ಡ್ರಾಯಿಂಗ್ ತಿದ್ದುತ್ತಿದ್ದಳು. ತೋಟದ ಅಡಿಯಲ್ಲಿದ್ದ ಸುಳ್ಳು ಗೆರೆ ಅಳಿಸಿಹೋಗಿತ್ತು. ಹೊಸ ಗೆರೆ ಕ್ಯಾಂಟೀನಿನ ಮೇಲೆ ಹಾದು ಒಂದನೆಯ ಪ್ಯಾನೆಲ್ಲನ್ನು ಸೇರಿತ್ತು. ಹನುಮಯ್ಯ ಬಂದು ಹಿಂದೆ ನಿಂತ. ಅವಳು ಸಂಪಿನ ಪಕ್ಕ ಒಂದು ಸಣ್ಣ ಚೌಕವನ್ನು ಎಳೆಯಲು ಶುರುಮಾಡಿ, ಅದರ ಪಕ್ಕ 'ಇಲ್ಲಿ ಅಗೆಯಬಾರದು' ಎಂದು ಬರೆದಿದ್ದಳು.

"ನೀವು ಹೇಳಿದ ಹನ್ನೆರಡು ಹೆಜ್ಜೆ ನಾನು ಟೇಪ್ ಹಿಡಿದು ಅಳೆದೆ. ಎಂಟೂವರೆ ಮೀಟರ್ ಬಂತು. ಅಗಲ ಒಂದ್ ಮೀಟರ್ ಹಾಕಿದೀನಿ," ಎಂದಳು. "ಉದ್ದ ಎಷ್ಟು ಹಾಕ್ಬೇಕು ಗೊತ್ತಾಗ್ತಿಲ್ಲ. ಡ್ರಾಯಿಂಗ್ ಅಲ್ವಾ, ಅಳತೆ ಸರಿಯಾಗಿರ್ಬೇಕು." ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಅಕ್ಕ ಎಷ್ಟೆತ್ತರ ಇದ್ರು ಹನುಮಯ್ಯಣ್ಣ?"

ಅಕ್ಕ ಹೋದ ಮೇಲಿನ ಮೂವತ್ತೇಳು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ನೆಟ್ಟಗೆ ನಿಂತು, ಅಂಗೈಯನ್ನು ನೆಲದ ಕಡೆ ಮಾಡಿ ಭುಜದ ಮಟ್ಟಕ್ಕೆ ಹಿಡಿದ. ಅಲ್ಲವೆನಿಸಿತು. ಕಣ್ಣು ಮುಚ್ಚಿ, ಪಕ್ಕದಲ್ಲಿ ಯಾರೋ ಬಂದು ನಿಂತಿರುವಂತೆ ಕತ್ತು ಸ್ವಲ್ಪ ಓರೆಮಾಡಿ, ಕೈಯನ್ನು ಎರಡು ಬೆರಳು ಮೇಲಕ್ಕೆತ್ತಿದ.

"ಇಷ್ಟು," ಎಂದ.

ವೇಣಿ ಮೇಜಿನ ಮೇಲಿದ್ದ ಟೇಪನ್ನು ತೆಗೆದುಕೊಂಡು ಕುರ್ಚಿಯಿಂದೆದ್ದಳು. ಬಗ್ಗಿ ಅದರ ತುದಿಯನ್ನು ಅವನ ಕಾಲಿನ ಪಕ್ಕ ನೆಲಕ್ಕೆ ಒತ್ತಿಹಿಡಿದು, ಮೆಲ್ಲಗೆ ಅವನ ಅಂಗೈಯವರೆಗೆ ಎಳೆದಳು. ಅವಳು ಅಳತೆ ಓದಿ ಬರೆದುಕೊಳ್ಳುವವರೆಗೂ ಹನುಮಯ್ಯ ಕೈ ಅಲುಗಿಸಲಿಲ್ಲ.